ಸೈಟಿನ ಬೆಲೆ ಬಿತ್ತು, ತೆರಿಗೆಯಲ್ಲಾದರೂ ಏನಾದರೂ ಉಳಿಯುತ್ತದಾ?

ಪ್ರಶ್ನೆ: ನಾನು ವಿಜಯನಗರದವನು, ವಯಸ್ಸು 57, ಖಾಸಗಿ ಕಂಪನಿಯಲ್ಲಿ ಕೆಲಸ. 2014ರ ಜೂನ್‌ನಲ್ಲಿ ಕೆಂಗೇರಿ ಆಚೆ 30×40 ಸೈಟು ತಗೊಂಡೆ. ದುಡ್ಡು ನನ್ನದು, ಕ್ರಯಪತ್ರ ಹೆಂಡತಿ ಹೆಸರಿಗೆ. ಕ್ರಯ 22 ಲಕ್ಷ, ಸ್ಟಾಂಪು, ರಿಜಿಸ್ಟ್ರೇಷನ್ ಎಲ್ಲ ಸೇರಿ 23.5 ಲಕ್ಷ. ಆಮೇಲೆ, 2017ರಲ್ಲಿ, ಸೈಟಿನ ಅರ್ಧ ಭಾಗ ರಾಜಕಾಲುವೆ ಬಫರಿನೊಳಗೆ, ಅಂದರೆ ಕಾಲುವೆ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗದೊಳಗೆ, ಬರುತ್ತದೆ ಅಂತ ಗೊತ್ತಾಯಿತು. ಈಗ 17 ಲಕ್ಷಕ್ಕಿಂತ ಜಾಸ್ತಿ ಯಾರೂ ಕೇಳುತ್ತಿಲ್ಲ. ಇನ್ನೊಂದು, ಅದೇ ವರ್ಷ ಬುಕ್ ಮಾಡಿದ ಫ್ಲಾಟಿಗೆ 14 ಲಕ್ಷ ಕೊಟ್ಟಿದ್ದೇನೆ, ಕಟ್ಟಡ ನಾಲ್ಕನೇ ಮಹಡಿಗೆ ನಿಂತುಹೋಗಿದೆ. ಈ ನಷ್ಟಗಳನ್ನು ಸಂಬಳದ ಮೇಲಿನ ತೆರಿಗೆಯಲ್ಲಿ ಕಳೆಯಬಹುದಾ? ಲಂಡನ್‌ನಲ್ಲಿರುವ ಭಾವಮೈದುನ, ಮಾರದೆಯೂ ನಷ್ಟ ತೋರಿಸಬಹುದು ಅನ್ನುತ್ತಾನೆ. ಮಗಳ ಮದುವೆಗೆ ಈಕ್ವಿಟಿ ಮ್ಯೂಚುವಲ್ ಫಂಡ್ ತೆಗೆಯಬೇಕು, ಅದರಲ್ಲಿ ಸುಮಾರು 7 ಲಕ್ಷ ಲಾಭವಿದೆ.

ಉತ್ತರ: ನಿಮ್ಮ ಭಾವಮೈದುನ ಸುಳ್ಳು ಹೇಳಿಲ್ಲ. ಆದರೆ ಅದು ಅವರ ಊರಿನ ಮಾತು. ಬ್ರಿಟನ್ನಿನ 1992ರ ಬಂಡವಾಳ ಲಾಭ ತೆರಿಗೆ ಕಾಯ್ದೆಯಲ್ಲಿ ಅಂಥ ಒಂದು ದಾರಿ ಇದೆ. ಆಸ್ತಿಗೆ ಬೆಲೆಯೇ ಇಲ್ಲ ಎನ್ನುವಷ್ಟು ಬಿದ್ದಿದ್ದರೆ, ಅದನ್ನು ಮಾರಿ ಮತ್ತೆ ಕೊಂಡಂತೆ ಲೆಕ್ಕ ಹಿಡಿದು ನಷ್ಟ ಕೇಳಬಹುದು. 22 ಲಕ್ಷದ ಸೈಟು 17 ಲಕ್ಷವಾದರೆ ಅಲ್ಲೂ ಆ ದಾರಿ ತೆರೆಯುವುದಿಲ್ಲ. ಇಲ್ಲಂತೂ ಆ ದಾರಿಯೇ ಇಲ್ಲ. ನಮ್ಮ ಕಾಯ್ದೆಯಲ್ಲಿ ಆಸ್ತಿ ಕೈ ಬದಲಾದರೆ ಮಾತ್ರ ಲಾಭ, ನಷ್ಟ ಎನ್ನುವುದು ಹುಟ್ಟುತ್ತದೆ. ಸೈಟು ನಿಮ್ಮ ಬಳಿ ಇರುವವರೆಗೆ, ಇಲಾಖೆಯ ಲೆಕ್ಕದಲ್ಲಿ ನಿಮಗೆ ಒಂದು ರೂಪಾಯಿಯೂ ನಷ್ಟವಾಗಿಲ್ಲ.

ಸಂಬಳದ ವಿಚಾರ ಬೇಗ ಮುಗಿಸುತ್ತೇನೆ. ಆಗುವುದಿಲ್ಲ. ಆಸ್ತಿ ಮಾರಿದ ನಷ್ಟವನ್ನು ಸಂಬಳದಲ್ಲಾಗಲಿ, ಎಫ್‌ಡಿ ಬಡ್ಡಿಯಲ್ಲಾಗಲಿ, ಬಾಡಿಗೆಯಲ್ಲಾಗಲಿ ಕಳೆಯಲು ಬರುವುದಿಲ್ಲ. ಅದನ್ನು ಬಂಡವಾಳ ಲಾಭದಲ್ಲೇ, ಅಂದರೆ ಆಸ್ತಿ, ಫಂಡ್ ಇಂಥವನ್ನು ಮಾರಿ ಬಂದ ಲಾಭದಲ್ಲೇ, ಕಳೆಯಬೇಕು. ಅದರಲ್ಲೂ ಎರಡು ಜಾತಿ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಸೈಟಿನ ನಷ್ಟ ದೀರ್ಘಾವಧಿಯದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯಬಹುದು.

ನಿಮ್ಮ ಪತ್ರದ ಕೊನೇ ಸಾಲಿನಲ್ಲಿ ಸುಮ್ನೆ ಸೇರಿಸಿದಂತಿರುವ ಮ್ಯೂಚುವಲ್ ಫಂಡ್ ಇದೆಯಲ್ಲ, ನಿಮಗೆ ಉಪಯೋಗಕ್ಕೆ ಬರುವುದು ಅದೊಂದೇ. ವರ್ಷ ದಾಟಿದ ಈಕ್ವಿಟಿ ಫಂಡಿನ ಲಾಭ ದೀರ್ಘಾವಧಿ ಲಾಭ. ಸೈಟಿನ ನಷ್ಟ ಅಲ್ಲಿ ಕೂರುತ್ತದೆ. ಹಳೇ ತೆರಿಗೆ ಪದ್ಧತಿಯೋ ಹೊಸ ಪದ್ಧತಿಯೋ, ಎರಡರಲ್ಲೂ ಇದಕ್ಕೆ ಅಡ್ಡಿ ಇಲ್ಲ. (2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ, ಸಾಲಪತ್ರಗಳಲ್ಲಿ ಹೂಡುವ ಡೆಟ್ ಫಂಡ್ ಆಗಿದ್ದರೆ ಎಷ್ಟು ವರ್ಷ ಇಟ್ಟರೂ ಅದು ಅಲ್ಪಾವಧಿಯೇ. ಅಲ್ಲಿ ಈ ಆಟ ನಡೆಯುವುದಿಲ್ಲ.)

ಇದರಿಂದ ಎಷ್ಟು ಉಳಿಯುತ್ತದೆ? ಕೊಂಡ ಖರ್ಚು 23.5 ಲಕ್ಷ. ಮಾರುವಾಗ ಬ್ರೋಕರಿಗೆ, ವಕೀಲರಿಗೆ ಒಂದು 30 ಸಾವಿರ ಹಿಡಿಯಿರಿ, ಅದೂ ಲೆಕ್ಕಕ್ಕೆ ಬರುತ್ತದೆ. ಒಟ್ಟು 23.8 ಲಕ್ಷ. 17 ಲಕ್ಷಕ್ಕೆ ಮಾರಿದರೆ ನಷ್ಟ 6.8 ಲಕ್ಷ. ಫಂಡಿನಲ್ಲಿ 7 ಲಕ್ಷ ಲಾಭಕ್ಕೆ, ಮೊದಲ 1.25 ಲಕ್ಷ ಬಿಟ್ಟು, ಉಳಿದ 5.75 ಲಕ್ಷಕ್ಕೆ ಶೇ 12.5ರಂತೆ ಸೆಸ್ ಸೇರಿ 74,750 ರೂಪಾಯಿ ತೆರಿಗೆ ಬರುತ್ತದೆ. ಸೈಟಿನ ನಷ್ಟ ಕಳೆದರೆ ಉಳಿಯುವ ಲಾಭ 20 ಸಾವಿರ ಮಾತ್ರ, ತೆರಿಗೆ ಸೊನ್ನೆ. ಅಂದರೆ ಆರೂಮುಕ್ಕಾಲು ಲಕ್ಷ ಕಳೆದುಕೊಂಡದ್ದಕ್ಕೆ ಸರ್ಕಾರ ಬಿಡುವುದು ಮುಕ್ಕಾಲು ಲಕ್ಷ. ಬರೀ ಈ ಮುಕ್ಕಾಲು ಲಕ್ಷಕ್ಕಾಗಿ ಸೈಟು ಮಾರಬೇಡಿ. ಹೇಗಿದ್ದರೂ ಮಾರುವವರಿದ್ದೀರಿ ಎಂದಾದರೆ ಮುಂದೆ ಓದಿ.

ಯಾಕೆಂದರೆ ಆ 6.8 ಲಕ್ಷದ ನಷ್ಟ ತೆರಿಗೆ ಲೆಕ್ಕದಲ್ಲಿ ಪೂರ್ತಿ ಉಳಿಯದಿರಬಹುದು.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿಗೆ ಹೋಗಿ ನಿಮ್ಮ ಲೇಔಟಿನ ಗೈಡೆನ್ಸ್ ವ್ಯಾಲ್ಯೂ, ಅಂದರೆ ಮಾರ್ಗಸೂಚಿ ದರ, ಎಷ್ಟಿದೆ ನೋಡಿ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ದರ ಏರಿಸಿದ್ದಾರೆ. ಉದಾಹರಣೆಗೆ ಚದರಡಿಗೆ 1,900 ಎಂದಿಟ್ಟುಕೊಳ್ಳಿ. 1,200 ಚದರಡಿಗೆ 22.8 ಲಕ್ಷ. ಲೇಔಟಿಗೆಲ್ಲ ಒಂದೇ ದರ. ಮೂಲೆ ಸೈಟಿಗೆ ಸ್ವಲ್ಪ ಜಾಸ್ತಿ ಹಾಕುತ್ತಾರೆ, ಆದರೆ ನಿಮ್ಮ ಸೈಟಿನ ಬೆನ್ನಿಗೆ ಕೊಳಚೆ ಹರಿಯುವ ಕಾಲುವೆ ಇದೆ, ಪ್ಲಾನ್ ಸಿಗುವುದಿಲ್ಲ ಅನ್ನುವುದು ಆ ಪಟ್ಟಿಗೆ ಗೊತ್ತಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ 50ಸಿ ಕಲಂ ಹೇಳುವುದು ಇಷ್ಟು. ನೀವು ಮಾರಿದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ 10ಕ್ಕಿಂತ ಜಾಸ್ತಿ ಇದ್ದರೆ, ನೀವು ಮಾರ್ಗಸೂಚಿ ಬೆಲೆಗೇ ಮಾರಿದ್ದೀರಿ ಎಂದು ಲೆಕ್ಕ. 17 ಲಕ್ಷಕ್ಕೆ ಶೇ 10 ಸೇರಿಸಿದರೆ 18.7 ಲಕ್ಷ. 22.8 ಲಕ್ಷ ಅದನ್ನು ದಾಟಿದೆ. ಹಾಗಾಗಿ ಕೈಗೆ ಬಂದದ್ದು 17 ಲಕ್ಷವಾದರೂ ಕಾಗದದ ಮೇಲೆ 22.8 ಲಕ್ಷ. ನಷ್ಟ 6.8 ಲಕ್ಷದಿಂದ ಬರೀ 1 ಲಕ್ಷಕ್ಕೆ ಇಳಿಯುತ್ತದೆ, ನಿಮಗೆ ಉಳಿತಾಯವಾಗುವ ತೆರಿಗೆ 13 ಸಾವಿರ. ಮಾರ್ಗಸೂಚಿ ದರ ಇನ್ನೂ ಸ್ವಲ್ಪ ಮೇಲಿದ್ದರೆ ನಷ್ಟದ ಬದಲು ಲಾಭವೇ ಬಂತು ಎಂದು ತೆರಿಗೆ ಕೇಳುತ್ತಾರೆ! ಇಂಥ ನೋಟಿಸು ಹಿಡಿದು ಬಂದವರು ನನ್ನ ಮುಂದೆ ಕೂತು, 'ಸಾರ್, ನಾನು ಕಳಕೊಂಡಿದ್ದು, ಇವರು ಗಳಿಸಿದೆ ಅಂತಾರಲ್ಲ' ಎಂದು ಕೇಳಿದ್ದುಂಟು.

ನಿಮಗಿಂತ ದೊಡ್ಡ ಪೆಟ್ಟು ಕೊಳ್ಳುವವನಿಗೆ. 22.8 ಲಕ್ಷದ ಆಸ್ತಿ 17 ಲಕ್ಷಕ್ಕೆ ಸಿಕ್ಕಿತು, ಹಾಗಾದರೆ 5.8 ಲಕ್ಷ ನಿನ್ನ ಆದಾಯ ಎಂದು ಅವನಿಗೂ ತೆರಿಗೆ ಹಾಕುತ್ತಾರೆ. ಅವನು ಶೇ 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ ಹತ್ತಿರ ಹತ್ತಿರ 1.81 ಲಕ್ಷ. ಅವನ ಆಡಿಟರ್ ಇದನ್ನು ಹೇಳಿದ ದಿನ ಅವನು 17 ಲಕ್ಷದಿಂದ ಇನ್ನೂ ಕೆಳಗೆ ಜಗ್ಗುತ್ತಾನೆ, ಇಲ್ಲ ಎದ್ದು ಹೋಗುತ್ತಾನೆ. ನಾನು ನೋಡಿದ ಹಾಗೆ ಇಂಥ ವ್ಯವಹಾರ ಮುರಿಯುವುದು ಬೆಲೆಗಲ್ಲ, ಇದಕ್ಕೆ. ಆದ್ದರಿಂದ ಈ ಗಂಟನ್ನು ರಿಜಿಸ್ಟ್ರೇಷನ್ ಮೊದಲೇ ಬಿಡಿಸಿಕೊಳ್ಳಬೇಕು. ಆಮೇಲೆ ನನ್ನಂಥವರ ಹತ್ತಿರ ಬಂದರೆ ಅರ್ಧ ದಾರಿ ಮುಚ್ಚಿರುತ್ತದೆ.

ಬಿಡಿಸಲು ಎರಡು ದಾರಿ ಇವೆ. ಒಂದು ಸ್ಟಾಂಪ್ ಇಲಾಖೆಯದು. ಕರ್ನಾಟಕ ಸ್ಟಾಂಪ್ ಕಾಯ್ದೆಯ 45ಎ ಕಲಂ ಅಡಿ, ಸಬ್ ರಿಜಿಸ್ಟ್ರಾರ್ ಹೇಳಿದ ಬೆಲೆ ನಿಮಗೆ ಒಪ್ಪಿಗೆಯಾಗದಿದ್ದರೆ ಪತ್ರ ಜಿಲ್ಲಾ ನೋಂದಣಾಧಿಕಾರಿಗಳ ಮುಂದೆ ಹೋಗುತ್ತದೆ. ಅವರು ವಿಚಾರಣೆ ಮಾಡಿ ನಿಜವಾದ ಮಾರುಕಟ್ಟೆ ಬೆಲೆ ನಿಗದಿ ಮಾಡುತ್ತಾರೆ. ಅವರು ನಿಗದಿ ಮಾಡಿದ ಬೆಲೆ 18.7 ಲಕ್ಷದೊಳಗೆ ಬಂದರೆ ನಿಮ್ಮ 17 ಲಕ್ಷವೇ ನಿಲ್ಲುತ್ತದೆ. ಕೊಳ್ಳುವವನ 1.81 ಲಕ್ಷದ ತಲೆನೋವೂ ಹೋಗುತ್ತದೆ, ಅವನಿಗೆ ಸ್ಟಾಂಪ್ ಶುಲ್ಕವೂ ಕಡಿಮೆಯಾಗುತ್ತದೆ. ಹಾಗಾಗಿ ಇದಕ್ಕೆ ಓಡಾಡಲು ಅವನೂ ಜೊತೆಗೆ ಬರುತ್ತಾನೆ. ದಿನ ಹಿಡಿಯುತ್ತದೆ, ಅದಕ್ಕೆ ತಯಾರಿರಿ.

ಎರಡನೆಯದು ಆದಾಯ ತೆರಿಗೆಯವರ ಮುಂದೆ. ಮಾರ್ಗಸೂಚಿ ಬೆಲೆ ನಿಜವಾದ ಬೆಲೆಗಿಂತ ಜಾಸ್ತಿ ಎಂದು ನೀವು ಅಧಿಕಾರಿಗೆ ತಕರಾರು ಹಾಕಿದರೆ, ಅವರು ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಬಹುದು. ಆ ಅಧಿಕಾರಿ ಹೇಳಿದ ಬೆಲೆ ಮಾರ್ಗಸೂಚಿಗಿಂತ ಕಡಿಮೆ ಬಂದರೆ ಅದನ್ನು ಹಿಡಿಯುತ್ತಾರೆ. ಜಾಸ್ತಿ ಬಂದರೆ ಮಾರ್ಗಸೂಚಿಯಲ್ಲೇ ನಿಲ್ಲುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಆದರೆ ರಿಟರ್ನ್ ಫಾರಂ ತಾನಾಗಿಯೇ ದೊಡ್ಡ ಅಂಕಿ ಹಿಡಿಯುವುದರಿಂದ, ಇದು ನೋಟಿಸು, ವಿಚಾರಣೆ, ಮೇಲ್ಮನವಿ ಎಂದು ಎಳೆಯುತ್ತದೆ. ಮತ್ತೊಂದು ಸೂಕ್ಷ್ಮ ಇದೆ. ಸ್ಟಾಂಪ್ ಇಲಾಖೆಯ ಕಡೆ ಬೆಲೆ ಪ್ರಶ್ನಿಸಿ ಹೋಗಿದ್ದರೆ ಈ ಎರಡನೇ ಬಾಗಿಲು ಮುಚ್ಚುತ್ತದೆ. ಎರಡೂ ಕಡೆ ಕೈ ಹಾಕಲು ಬರುವುದಿಲ್ಲ. ನಿಮ್ಮ ಪ್ರಕರಣದಲ್ಲಿ ನಾನಾದರೆ ಮೊದಲ ದಾರಿ ಹಿಡಿಯುತ್ತೇನೆ.

ಯಾವ ದಾರಿಯಾದರೂ ಕೈಯಲ್ಲಿ ಕಾಗದ ಬೇಕು. ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿ. 'ಬೆಲೆ ಕಡಿಮೆ' ಎಂದು ಒಂದು ಪುಟ ಬರೆದರೆ ಸಾಲದು. ಸೈಟಿನ ನಕ್ಷೆ, ಕಾಲುವೆಯ ಅಳತೆ, ಎಷ್ಟು ಚದರಡಿ ಬಫರಿಗೆ ಹೋಗುತ್ತದೆ, ಉಳಿದ ತುಂಡಿನಲ್ಲಿ ಮನೆ ಏಳುತ್ತದೆಯೇ, ಇವೆಲ್ಲ ಅದರಲ್ಲಿ ಇರಲಿ. ಪ್ಲಾನ್ ಕೊಡುವುದಿಲ್ಲ ಎಂದು ಹಿಂಬರಹ ಸಿಕ್ಕಿದ್ದರೆ ಅದಕ್ಕಿಂತ ಒಳ್ಳೇ ಸಾಕ್ಷಿ ಇನ್ನೊಂದಿಲ್ಲ.

ಇಲ್ಲಿ ತೆರಿಗೆ ಬಿಟ್ಟು ಒಂದು ಮಾತು. ನಿಮಗೆ ಬಫರ್ ವಿಷಯ ಗೊತ್ತಾದದ್ದು 2017ರಲ್ಲಿ ಎಂದಿದ್ದೀರಿ. ಅದು ಹಸಿರು ನ್ಯಾಯಮಂಡಳಿಯ 2016ರ ಆದೇಶ ಜಾರಿಯಲ್ಲಿದ್ದ ಕಾಲ. ಆಗ ಎರಡನೇ ದರ್ಜೆಯ ರಾಜಕಾಲುವೆಗೆ ಅಂಚಿನಿಂದ 35 ಮೀಟರ್ ಬಿಡಬೇಕಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ತಳ್ಳಿಹಾಕಿ, ಮಾಸ್ಟರ್ ಪ್ಲಾನಿನ ಅಳತೆಯೇ ಸರಿ ಎಂದಿತು. 2015ರ ಮಾಸ್ಟರ್ ಪ್ಲಾನಿನಲ್ಲಿ ಅದೇ ದರ್ಜೆಗೆ ಕಾಲುವೆಯ ಮಧ್ಯದಿಂದ 25 ಮೀಟರ್. ಅಂಚಿಗೂ ಮಧ್ಯಕ್ಕೂ ಇರುವ ವ್ಯತ್ಯಾಸ ಸೇರಿಸಿದರೆ 30 ಅಡಿ ಅಗಲದ ಸೈಟಿಗೆ ಇದು ಸಣ್ಣ ಮಾತಲ್ಲ. ಮಾರುವ ಮೊದಲು ಇನ್ನೊಮ್ಮೆ ಅಳೆಸಿ. ಸೈಟು ಬಫರಿನಿಂದ ಪೂರ್ತಿ ಹೊರಗೆ ಬಂದರೆ ಈ ಉತ್ತರದ ಮುಕ್ಕಾಲು ಭಾಗ ನಿಮಗೆ ಬೇಕಾಗುವುದೇ ಇಲ್ಲ, ನನಗೂ ಸಂತೋಷ.

ಇನ್ನು ಹೆಂಡತಿಯ ಹೆಸರು. ಇದು ಬಹಳ ಜನ ಎಡವುವ ಜಾಗ. ಸೈಟು ಅವರ ಹೆಸರಿನಲ್ಲಿದೆ, ಹಾಗಾಗಿ ನಷ್ಟ ಅವರ ರಿಟರ್ನಿಗೆ ಹೋಗಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ದುಡ್ಡು ನಿಮ್ಮದು. ಗಂಡ ಕೊಟ್ಟ ದುಡ್ಡಿನಲ್ಲಿ ಹೆಂಡತಿ ಕೊಂಡ ಆಸ್ತಿಯ ಆದಾಯ ಗಂಡನ ಆದಾಯಕ್ಕೇ ಸೇರುತ್ತದೆ, ಆದಾಯ ಎಂದರೆ ಅದರಲ್ಲಿ ನಷ್ಟವೂ ಸೇರಿದೆ. ಸಾಮಾನ್ಯವಾಗಿ ಈ ನಿಯಮವನ್ನು ಜನ ಬೈಯುತ್ತಾರೆ. ನಿಮಗೆ ಮಾತ್ರ ಅದು ವರ. ಮ್ಯೂಚುವಲ್ ಫಂಡ್ ನಿಮ್ಮ ಹೆಸರಿನಲ್ಲಿದೆ, ನಷ್ಟವೂ ನಿಮ್ಮ ರಿಟರ್ನಿಗೇ ಬರುತ್ತದೆ. 2014ರಲ್ಲಿ ನಿಮ್ಮ ಖಾತೆಯಿಂದ ಡಿಡಿ ಹೋಗಿದೆಯೋ ಚೆಕ್ ಹೋಗಿದೆಯೋ, ಆ ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ತೆಗೆಸಿಡಿ. ಹಳೇ ಸ್ಟೇಟ್‌ಮೆಂಟಿಗೆ ಶಾಖೆಗೆ ನಾಲ್ಕು ಸಲ ಅಲೆಯಬೇಕಾಗುತ್ತದೆ. ಹಾಗೆಯೇ ಕ್ರಯಪತ್ರದಲ್ಲಿ ಬರೆದದ್ದಕ್ಕಿಂತ ಜಾಸ್ತಿ ನಗದು ಕೊಟ್ಟಿದ್ದರೆ, ನೀವು ಹಾಗೆ ಬರೆದಿಲ್ಲ, ಆದರೂ ಹೇಳುತ್ತೇನೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಈಗ ಮಾರುವಾಗಲೂ ನಗದು ಬೇಡ. 2015ರ ಜೂನ್‌ನಿಂದ ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆದರೆ ಪಡೆದಷ್ಟೇ ದಂಡ.

ಇಂಡೆಕ್ಸೇಷನ್ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದ್ದರೆ ಅದನ್ನು ಬಿಡಿ. ಮೊದಲು ಹಣದುಬ್ಬರದ ಸೂಚ್ಯಂಕ ಹಾಕಿ ಕೊಂಡ ಬೆಲೆಯನ್ನು ಏರಿಸುತ್ತಿದ್ದೆವು. 2014-15ರ ಸೂಚ್ಯಂಕ 240, 2025-26ರದ್ದು 376. ಆ ಲೆಕ್ಕದಲ್ಲಿ ನಿಮ್ಮ 23.5 ಲಕ್ಷ 36.8 ಲಕ್ಷವಾಗಿ, 20 ಲಕ್ಷದ ನಷ್ಟ ಕಾಣುತ್ತಿತ್ತು. 2024ರ ಜುಲೈ 23ರಿಂದ ಈಚಿನ ಮಾರಾಟಕ್ಕೆ ಅದು ಹೋಯಿತು. ಅದಕ್ಕೂ ಮೊದಲು ಕೊಂಡ ಸೈಟು, ಮನೆಗಳಿಗೆ, ಹಳೇ ಲೆಕ್ಕ ಅಥವಾ ಹೊಸ ಲೆಕ್ಕ, ಯಾವುದರಲ್ಲಿ ತೆರಿಗೆ ಕಡಿಮೆಯೋ ಅದು ಎಂದು ಒಂದು ರಿಯಾಯಿತಿ ಉಳಿಸಿದ್ದಾರೆ. ಆದರೆ ಅದು ತೆರಿಗೆ ಕಡಿಮೆ ಮಾಡಲು ಮಾತ್ರ. ಸೂಚ್ಯಂಕದಿಂದ ಹುಟ್ಟಿದ ನಷ್ಟವನ್ನು ಬೇರೆ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ.

ಭಾವಮೈದುನನ ಹೆಸರಿಗೋ ತಮ್ಮನ ಹೆಸರಿಗೋ ಕಡಿಮೆ ಬೆಲೆಗೆ ಬರೆದು, ನಷ್ಟ ತೋರಿಸಿ, ಆಮೇಲೆ ವಾಪಸ್ ತಗೊಳ್ಳೋಣ ಎಂಬ ಉಪಾಯ ನನಗೆ ವಾರಕ್ಕೊಬ್ಬರು ಹೇಳುತ್ತಾರೆ. ಕಾನೂನಿನ ಮಾತು ಆಮೇಲೆ, ಮೊದಲು ಕಾಸಿನ ಲೆಕ್ಕ ಮಾಡಿ. ಸ್ಟಾಂಪ್ ಶುಲ್ಕ ಸೆಸ್ ಸೇರಿ ಶೇ 5.6, ರಿಜಿಸ್ಟ್ರೇಷನ್ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. 22.8 ಲಕ್ಷಕ್ಕೆ ಸುಮಾರು 1.73 ಲಕ್ಷ, ಅದೂ ಒಂದು ಸಲಕ್ಕೆ. ವಾಪಸ್ ಬರೆಸಿಕೊಂಡರೆ ಇನ್ನೊಂದು ಸಲ. ಮುಕ್ಕಾಲು ಲಕ್ಷ ಉಳಿಸಲು ಮೂರೂವರೆ ಲಕ್ಷ ಖರ್ಚು! ಸೈಟನ್ನು ಮಗಳಿಗೆ ದಾನ ಕೊಟ್ಟರೆ ನಷ್ಟ ಹುಟ್ಟುವುದಿಲ್ಲ, ಕೊಂಡ ಬೆಲೆ ಅವಳಿಗೆ ಹಾಗೇ ದಾಟುತ್ತದೆ, ಮುಂದೆ ಮಾರಿದಾಗ ನಷ್ಟ ಅವಳದು.

ಈಗ ಯಾವುದು ಮೊದಲು, ಯಾವುದು ಆಮೇಲೆ. ನಷ್ಟವನ್ನು ಮುಂದಕ್ಕೆ ಒಯ್ಯಬಹುದು, ಹಿಂದಕ್ಕೆ ಒಯ್ಯಲು ಬರುವುದಿಲ್ಲ. ಫಂಡ್ ಈ ಮಾರ್ಚ್ ಒಳಗೆ ತೆಗೆದು, ಸೈಟು ಏಪ್ರಿಲ್ ನಂತರ ಮಾರಿದರೆ ನಷ್ಟ ಆ ಲಾಭಕ್ಕೆ ಸಿಗುವುದಿಲ್ಲ. ಎರಡೂ ಒಂದೇ ಹಣಕಾಸು ವರ್ಷದಲ್ಲಿರಲಿ, ಇಲ್ಲವೇ ಸೈಟು ಮೊದಲಾಗಲಿ.

ಇದರಲ್ಲೇ ಒಂದು ಸಣ್ಣ ಜಾಣತನ ಇದೆ. ಆ 1.25 ಲಕ್ಷದ ತೆರಿಗೆ ಇಲ್ಲದ ಮಿತಿ ಇದೆಯಲ್ಲ, ಅದು ನಷ್ಟ ಕಳೆದ ಮೇಲೆ ಉಳಿದದ್ದಕ್ಕೆ ಸಿಗುವುದು. ನಷ್ಟ ಮೊದಲು ಲಾಭವನ್ನು ತಿನ್ನುತ್ತದೆ, ಮಿತಿ ವ್ಯರ್ಥವಾಗುತ್ತದೆ. ಆದ್ದರಿಂದ ಸೈಟು ಮುಂದಿನ ವರ್ಷ ಮಾರುವುದು ಎಂದಾದರೆ, ಈ ಮಾರ್ಚ್ ಒಳಗೆ 1.25 ಲಕ್ಷ ಲಾಭ ಬರುವಷ್ಟು ಫಂಡ್ ಮಾತ್ರ ತೆಗೆಯಿರಿ, ತೆರಿಗೆ ಇಲ್ಲ. ಮುಂದಿನ ವರ್ಷ ಉಳಿದ 5.75 ಲಕ್ಷದ ಲಾಭಕ್ಕೆ 6.8 ಲಕ್ಷದ ನಷ್ಟ ಕಳೆದು, ಇನ್ನೂ 1.05 ಲಕ್ಷ ನಷ್ಟ ಕೈಯಲ್ಲಿರುತ್ತದೆ. ಅದನ್ನು ಎಂಟು ವರ್ಷ ಇಟ್ಟುಕೊಳ್ಳಬಹುದು.

ಇಟ್ಟುಕೊಳ್ಳಲು ಒಂದು ಷರತ್ತು. ರಿಟರ್ನ್ ಗಡುವಿನೊಳಗೆ ಹಾಕಿರಬೇಕು, ನಿಮ್ಮಂಥ ಸಂಬಳದವರಿಗೆ ಸಾಮಾನ್ಯವಾಗಿ ಜುಲೈ 31. ಕೆಲವು ವರ್ಷದ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಕ್ರಯಪತ್ರ, ಇಸಿ, ಖಾತೆ, ಕಂದಾಯದ ರಸೀದಿ, ಎಲ್ಲ ವರ್ಷದ ಪ್ರಕಾರ ಜೋಡಿಸಿ, ಮೇಲೆ ಪೆನ್ಸಿಲಿನಲ್ಲಿ ನಂಬರ್ ಬೇರೆ. ಒಂದು ಕಾಗದ ತಪ್ಪಿಲ್ಲ. ರಿಟರ್ನ್ ಹಾಕಿದ್ದು ಮಾತ್ರ ಆಗಸ್ಟ್ 4. ಮೊಮ್ಮಗ ಊರಿಂದ ಬಂದು ಹಾಕಿಕೊಡಲಿ ಅಂತ ಕಾದಿದ್ದರಂತೆ. ಅದೇ ವರ್ಷದ ಲಾಭ ಇದ್ದಿದ್ದರೆ ಕಳೆಯಬಹುದಿತ್ತು, ಇರಲಿಲ್ಲ. ಮುಂದಕ್ಕೆ ಒಯ್ಯುವ ಹಕ್ಕು ನಾಲ್ಕು ದಿನಕ್ಕೆ ಹೋಯಿತು. ಇಂಥದ್ದಕ್ಕೆ ತಡವನ್ನು ಮನ್ನಿಸಿ ಎಂದು ಆಯುಕ್ತರಿಗೆ ಅರ್ಜಿ ಹಾಕುವ ಅವಕಾಶ ಇದೆ. ಆದರೆ ಕಾಯಿಲೆ, ಸಾವು ಅಂಥ ಗಟ್ಟಿ ಕಾರಣ ಬೇಕು. ಮೊಮ್ಮಗ ಬರಲಿಲ್ಲ ಅನ್ನುವುದು ನಡೆಯಲಿಲ್ಲ.

ಮತ್ತೆ, ನೀವು ಪ್ರತಿ ವರ್ಷ ಐಟಿಆರ್-1 ಎಂಬ ರಿಟರ್ನ್ ಫಾರಂ ಹಾಕುತ್ತಿರಬಹುದು. ಸೈಟು ಮಾರಿದ ವರ್ಷ ಐಟಿಆರ್-2. ಮೊದಲನೆಯದರಲ್ಲಿ ಈ ನಷ್ಟ ಬರೆಯಲು ಜಾಗವೇ ಇಲ್ಲ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ. ಅದರಲ್ಲಿ ಕಲಂ ನಂಬರ್‌ಗಳು ಬೇರೆ, 50ಸಿ ಎಂದು ಹುಡುಕಿದರೆ ಸಿಗುವುದಿಲ್ಲ. ಗಾಬರಿ ಬೇಡ.

ಕೊನೆಗೆ ಫ್ಲಾಟು. ಕಟ್ಟಡ ನಿಂತಿದೆ ಎಂಬ ಕಾರಣಕ್ಕೆ 14 ಲಕ್ಷ ನಷ್ಟ ಎಂದು ಬರೆಯಲಾಗುವುದಿಲ್ಲ, ಯಾಕೆಂದರೆ ಫ್ಲಾಟ್ ಪಡೆಯುವ ನಿಮ್ಮ ಹಕ್ಕು ಇನ್ನೂ ಜೀವಂತ ಇದೆ. ಆದರೆ ಆ ಹಕ್ಕೇ ಒಂದು ಆಸ್ತಿ. ಟಾಟಾ ಸರ್ವಿಸಸ್ ಪ್ರಕರಣದಿಂದ ಹಿಡಿದು ಬಾಂಬೆ ಹೈಕೋರ್ಟ್ ಹೀಗೆ ಹೇಳಿಕೊಂಡು ಬಂದಿದೆ. ಅದನ್ನು ಬಿಟ್ಟುಕೊಟ್ಟ ದಿನ ಕೈ ಬದಲಾದಂತೆ. ಬಿಲ್ಡರ್ 10 ಲಕ್ಷ ಕೊಟ್ಟು ಬುಕಿಂಗ್ ರದ್ದು ಮಾಡಿಕೊಂಡರೆ, ಉಳಿದ 4 ಲಕ್ಷ ಬಂಡವಾಳ ನಷ್ಟ ಎಂದು ಕೇಳಲು ಗಟ್ಟಿ ಆಧಾರ ಇದೆ. ಇಲಾಖೆ ತಕರಾರು ತೆಗೆಯಬಹುದು, ಎದುರಿಸಬಹುದಾದ ತಕರಾರು.

ಹಾಗಂತ 10 ಲಕ್ಷಕ್ಕೆ ಒಪ್ಪಿಬಿಡಿ ಎನ್ನುತ್ತಿಲ್ಲ. ಬಿಲ್ಡರ್‌ಗಳನ್ನು ಹಿಡಿತದಲ್ಲಿಡುವ ರೇರಾ ಕಾಯ್ದೆಯ 18ನೇ ಕಲಂ ಪ್ರಕಾರ ಪೂರ್ತಿ ದುಡ್ಡು ಬಡ್ಡಿ ಸಮೇತ ವಾಪಸ್ ಕೇಳುವ ಹಕ್ಕು ನಿಮಗಿದೆ. ಆದೇಶ ಸಿಗುವುದು ಒಂದು, ದುಡ್ಡು ಕೈಗೆ ಬರುವುದು ಇನ್ನೊಂದು, ಅದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತು. ಬಂದರೆ ಅಸಲಿಗೆ ತೆರಿಗೆ ಇಲ್ಲ, ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ. ಬಿಲ್ಡರ್ ದಿವಾಳಿ ಪ್ರಕ್ರಿಯೆಗೆ ಹೋದರೆ, 2018ರ ತಿದ್ದುಪಡಿಯಿಂದ ನೀವೂ ಬ್ಯಾಂಕಿನಂತೆ ಸಾಲ ಕೊಟ್ಟವರ ಸಮಿತಿಯ ಲೆಕ್ಕಕ್ಕೆ ಬರುತ್ತೀರಿ. ಗಡುವಿನೊಳಗೆ ಕ್ಲೇಮ್ ಹಾಕಲು ಮರೆಯಬೇಡಿ.

ರಾಜಿಯ ಮಾತು ಬಂದರೆ ರದ್ದತಿ ಕರಾರಿನ ಕರಡನ್ನು ಸಹಿ ಹಾಕುವ ಮೊದಲು ನಿಮ್ಮ ಆಡಿಟರಿಗೆ ತೋರಿಸಿ. ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಖಿನಿಂದ ನಿಮ್ಮ ಹಕ್ಕು ಮುಗಿಯಿತು, ಈ ಮೂರೂ ಅದರಲ್ಲಿ ಬಿಡಿಸಿ ಬರೆದಿರಬೇಕು. 'ಲೆಕ್ಕ ಚುಕ್ತಾ' ಎಂದು ಒಂದೇ ಸಾಲು ಬರೆದುಕೊಂಡು ಬಂದರೆ ವಾಪಸ್ ಕಳಿಸಿ.